ಹೆಸರಿನ ಜೊತೆ ಬರೋ ಕಲಿಕೆ

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಜಿಐ (ಭೌಗೋಳಿಕ ಸೂಚಕ, ಅಂದ್ರೆ ಊರಿನ ಹೆಸರಲ್ಲಿ ಗುರುತಾಗೋ ಸರಕಿಗೆ ಸಿಗೋ ಕಾನೂನಿನ ರಕ್ಷಣೆ) ಅಂದ ಕೂಡಲೇ ನೆನಪಾಗೋದು ಮೊಳಕಾಲ್ಮೂರು ಸೀರೆ. ಹೆಸರು ಕದಿಯೋರಿಗೆ ಹಾಕಿದ ಬೇಲಿ ಅಂತಲೇ ನಾವೆಲ್ಲ ಜಿಐಯನ್ನ ನೋಡ್ತೀವಿ. ಇಂಥದ್ದೇ ರಕ್ಷಣೆ ಇರೋ ಇಟಲಿಯ ಕಿಯಾಂಟಿ ಕ್ಲಾಸಿಕೊ ವೈನ್ ಬಗ್ಗೆ ಓದಿದ ಮೇಲೆ ನನಗಂತೂ ಅದಕ್ಕಿಂತ ದೊಡ್ಡದೇನೋ ಕಾಣ್ತಿದೆ.

ಫ್ಲಾರೆನ್ಸ್, ಸಿಯೆನಾ ನಡುವಿನ ಗುಡ್ಡಗಳ ಆ ಬೆಳೆಗಾರರು ಹೆಸರು ಉಳಿಸ್ಕೊಳ್ಳೋಕೆ ಸಂಘ ಕಟ್ಟಿದ್ದು 1924ರಲ್ಲಿ. 1980ರ ದಶಕದ ಕೊನೆಗೆ ಅದೇ ಸಂಘ ಫ್ಲಾರೆನ್ಸ್, ಪೀಸಾ ವಿಶ್ವವಿದ್ಯಾಲಯಗಳನ್ನ ಜೊತೆಗೆ ಕರ್ಕೊಂಡು ಪ್ರಯೋಗದ ತೋಟಗಳನ್ನ ಹಾಕ್ತು. ಸಾಂಜೊವೇಸೆ ದ್ರಾಕ್ಷಿಯಲ್ಲಿ ಯಾವ ಬಳ್ಳಿ ಉತ್ತಮ, ಎಷ್ಟು ಒತ್ತಾಗಿ ನೆಡಬೇಕು, ಯಾವ ಬೇರಿಗೆ ಕಸಿ ಕಟ್ಟಬೇಕು ಅಂತ ವರ್ಷಗಟ್ಟಲೆ ನೋಡಿದ್ರು. ಒಬ್ಬ ರೈತನ ಕೈಲಿ ಆಗೋ ಕೆಲಸವೇ ಅಲ್ಲ ಅದು. ಬಾಟಲಿ ಮೇಲೆ ಹೆಸರು ಬರಬೇಕಾದ್ರೆ ಪ್ರಯೋಗಾಲಯದ ಪರೀಕ್ಷೆ, ರುಚಿ ನೋಡೋ ಸಮಿತಿ ಎರಡೂ ದಾಟಬೇಕು. ಹಾಗಾಗಿ ಬೆಳೆಯೋನ ನಾಲಿಗೆಯೂ ಪಳಗುತ್ತೆ.

ನನಗೆ ತುಂಬಾ ಹಿಡಿಸಿದ್ದು ಇದು: ಹೆಸರು ಎಲ್ಲರದ್ದು. ಒಬ್ಬ ಕೆಟ್ಟ ವೈನ್ ಮಾಡಿದ್ರೆ ಪೆಟ್ಟು ಊರಿಗೆಲ್ಲ. ಅದಕ್ಕೇ ಪಕ್ಕದ ತೋಟದವನಿಗೆ ಹೇಳಿಕೊಡೋದ್ರಲ್ಲಿ ತನ್ನ ಲಾಭವೂ ಇದೆ.

ಮೊಳಕಾಲ್ಮೂರಿನ ಮಗ್ಗಗಳಿಗೂ ಇಂಥದ್ದೊಂದು ಬೇಕು ಅಂತ ನನ್ನ ಆಸೆ. ನೇಕಾರರು, ಬಣ್ಣ ಹಾಕೋರು, ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಒಟ್ಟಿಗೆ ಕೂತು ರೇಷ್ಮೆಗೆ ಬಣ್ಣ ಎಷ್ಟು ನಿಲ್ಲುತ್ತೆ ಅನ್ನೋ ಪರೀಕ್ಷೆಯಿಂದಲೇ ಶುರು ಮಾಡಬಹುದು.