ನಂದೂ ಇಲ್ಲಿ ಕಲೀತಾ ಇದೆ, ಮಿಸ್

ಮಂಗಳವಾರ ಸಂಜೆ ಐದೂಕಾಲು. ಪುಟ್ಟಿ ಪಿಯಾನೋ ಪಾಠಕ್ಕೆ ಬಂದಳು, ಚಪ್ಪಲಿ ಬಿಟ್ಟಳು, ಕೈ ತೊಳೆದುಕೊಂಡಳು, ಸ್ಟೂಲಿನ ಮೇಲೆ ಎಂದಿನಂತೆ ದಿಂಬು ಹಾಕಿಕೊಂಡು ಕೂತಳು. ಆಗ ನನ್ನ ಬಲಗೈ ಅವಳ ಕಣ್ಣಿಗೆ ಬಿತ್ತು. ಹೆಬ್ಬೆರಳನ್ನೂ ಸೇರಿಸಿ ಮಣಿಕಟ್ಟಿನ ಮೇಲಿನವರೆಗೆ ಬಿಗಿದ ಕಪ್ಪು ಪಟ್ಟಿ.

"ನೋವಾ ಮಿಸ್?"

"ಹೂಂ ಕಣೆ."

"ತುಂಬಾ ಪ್ರಾಕ್ಟೀಸ್ ಮಾಡಿದ್ರಾ?"

"ಹೂಂ."

"ಹಂಗಾದ್ರೆ ಒಳ್ಳೇದಲ್ವಾ?"

ಯಾಕೆ ಒಳ್ಳೇದು ಅಂದೆ. ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ ನನ್ನ ಮುಖ ನೋಡಿದಳು. "ನೀವೇ ಹೇಳಿದ್ರಲ್ಲ, ನೋವಾದ್ರೆ ಕೈ ಕಲೀತಾ ಇದೆ ಅಂತ." ಆಮೇಲೆ ತನ್ನ ಬಲಗೈ ಮುಂದೆ ಚಾಚಿ, ಮಣಿಕಟ್ಟಿನ ಗುಬ್ಬಿ ಮೂಳೆಯ ಪಕ್ಕ ಎಡಗೈ ಬೆರಳಿಟ್ಟು ತೋರಿಸಿದಳು. "ನಂದೂ ಇಲ್ಲಿ ಕಲೀತಾ ಇದೆ, ಮಿಸ್."

ಅವಳಿಗೆ ಒಂಬತ್ತು ವರ್ಷ. ಹಲ್ಲು ಬಿದ್ದ ಜಾಗ ತೋರಿಸುವಾಗ ಮಕ್ಕಳ ಮುಖದಲ್ಲಿ ಒಂದು ಜಂಬ ಇರುತ್ತಲ್ಲ, ಅದೇ ಜಂಬದಲ್ಲಿ ಹೇಳಿದಳು. ನನಗೆ ಏನೂ ಹೇಳಲು ತೋಚಲಿಲ್ಲ. ಅವತ್ತು ಪಾಠ ಮಾಡದೆ ಸಿ ಮೇಜರ್ ಯಾವುದು, ಜಿ ಮೇಜರ್ ಯಾವುದು ಅಂತ ಕೇಳಿಸಿ, ಗುರುತು ಹಿಡಿಯುವ ಆಟ ಆಡಿಸಿ ಕಳಿಸಿದೆ. ಇವತ್ತು ಶನಿವಾರ. ನಾಲ್ಕು ದಿನದಿಂದ ಅದೇ ಮಾತು ಕಿವಿಯಲ್ಲಿ ಕೂತಿದೆ. ಸಾರಿಗೆ ಒಗ್ಗರಣೆ ಹಾಕುವಾಗ, ಅದೂ ಎಡಗೈಯಲ್ಲಿ, ನಂದೂ ಇಲ್ಲಿ ಕಲೀತಾ ಇದೆ. ರಾತ್ರಿ ಮಗ್ಗುಲು ಬದಲಿಸಿದಾಗ ಪಟ್ಟಿ ಒತ್ತಿ ಎಚ್ಚರವಾದರೆ, ನಂದೂ ಇಲ್ಲಿ ಕಲೀತಾ ಇದೆ.

ಡಾಕ್ಟರ ಹತ್ತಿರ ಹೋಗಿದ್ದು ಹೋದ ಶನಿವಾರ. ಎರಡು ಗಂಟೆ ಕಾಯಿಸಿ ಐದು ನಿಮಿಷ ನೋಡಿದರು, ಆದರೆ ಆ ಐದು ನಿಮಿಷ ಚೆನ್ನಾಗಿಯೇ ನೋಡಿದರು. "ಹೆಬ್ಬೆರಳು ಒಳಗೆ ಇಟ್ಟು ಮುಷ್ಟಿ ಕಟ್ಟಿ" ಅಂದರು. ಕಟ್ಟಿದೆ. ಆ ಮುಷ್ಟಿಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿದರು. ನಾನು ಅಯ್ಯಮ್ಮಾ ಅಂತ ಕೂಗಿದ್ದು ಹೊರಗಡೆ ಬೆಂಚಿನ ಮೇಲಿದ್ದವರಿಗೂ ಕೇಳಿಸಿತಂತೆ.

"ಮನೇಲಿ ಕೈಗೂಸು ಇದೆಯಾಮ್ಮ?"

"ನನ್ನ ಮಗ ಸೆಕೆಂಡ್ ಪಿಯುಸಿ ಸಾರ್."

ಮಗುವನ್ನು ಎತ್ತಿ ಎತ್ತಿ ಬಾಣಂತಿಯರಿಗೆ ಇದು ಜಾಸ್ತಿ ಬರುತ್ತದಂತೆ. ಮೊಬೈಲ್ ಜಾಸ್ತಿ ನೋಡ್ತೀರಾ ಅಂದರು. ಇಲ್ಲ ಸಾರ್, ಪಿಯಾನೋ ಅಂದೆ. ಪೆನ್ನು ಕೆಳಗಿಟ್ಟು, "ಓ! ನಮ್ಮ ಮಹಾರಾಜರು ನುಡಿಸ್ತಿದ್ರು, ಗೊತ್ತಾ?" ಅಂದರು.

ಮೈಸೂರಿನಲ್ಲಿ ಪಿಯಾನೋ ಅಂದರೆ ಈ ಮಾತು ಬಂದೇ ಬರುತ್ತದೆ. ಆಟೋದವರೂ ಹೇಳಿದ್ದಾರೆ. ಸುಳ್ಳೇನಲ್ಲ. ಜಯಚಾಮರಾಜೇಂದ್ರ ಒಡೆಯರ್ ನಿಜಕ್ಕೂ ಗಟ್ಟಿಯಾಗಿ ಪಿಯಾನೋ ಕಲಿತವರು. ಕಛೇರಿ ಕೊಡುವ ಪಿಯಾನೋ ವಾದಕರಾಗಬೇಕು ಅನ್ನುವ ಆಸೆಯಿತ್ತಂತೆ. 1940ರಲ್ಲಿ ಪಟ್ಟ ಏರಬೇಕಾಯಿತು, ಅದು ಅಲ್ಲಿಗೇ ನಿಂತಿತು. ಆಮೇಲೆ ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು, ಅಂದರೆ ವಾದ್ಯವೃಂದದ ಜೊತೆ ನುಡಿಸುವ ದೊಡ್ಡ ಕೃತಿಯನ್ನು, ನಮ್ಮ ಮಹಾರಾಜರಿಗೆ ಅರ್ಪಿಸಿದ್ದಾರೆ. ಡಾಕ್ಟರಿಗೆ ಇಷ್ಟೆಲ್ಲಾ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಮುಂದಿನ ಟೋಕನ್ ಕೂಗಿಬಿಟ್ಟರು.

ಈ ಕಾಯಿಲೆಗೆ ಡಿ ಕ್ವರ್ವೇನ್ ಅಂತ ಹೆಸರು. 1895ರಲ್ಲಿ ಇದರ ಬಗ್ಗೆ ಬರೆದ ಸ್ವಿಟ್ಜರ್ಲೆಂಡಿನ ಸರ್ಜನ್ ಹೆಸರದು. ಹೆಬ್ಬೆರಳನ್ನು ಆಡಿಸುವ ಎರಡು ಹುರಿಗಳು, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರುಗಳು, ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಕೊಳವೆಯೊಳಗೆ ಹಾದು ಹೋಗುತ್ತವೆ. ಕೊಳವೆಯ ಗೋಡೆ ದಪ್ಪಗಾದರೆ ಹುರಿ ಸಲೀಸಾಗಿ ಜಾರುವುದಿಲ್ಲ. ಒಗೆದ ಲಂಗದ ಲಾಡಿ ಮಡಿಕೆಯೊಳಗೆ ಮುದುರಿ ಸಿಕ್ಕಿಕೊಳ್ಳುತ್ತಲ್ಲ, ಹಾಗೆ. ನಾವು ಅದನ್ನೇ ಹಿಡಿದು ಎಳೀತೀವಿ. ಇನ್ನೂ ಬಿಗಿಯಾಗುತ್ತದೆ. ಆರು ವಾರ ಪಟ್ಟಿ, ಜಗ್ಗದಿದ್ದರೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಆ ಕೊಳವೆಯನ್ನು ಬಿಡಿಸುವ ಚಿಕ್ಕ ಆಪರೇಷನ್. ಅಮ್ಮನ ಪ್ರಕಾರ ಇದ್ಯಾವುದೂ ಬೇಡ. ಲಕ್ಕಿ ಸೊಪ್ಪು ಬಿಸಿ ಮಾಡಿ ಶಾಖ ಕೊಟ್ಟರೆ ಮೂರು ದಿನ ಸಾಕು. ಕೊಡುತ್ತಿದ್ದಾರೆ. ಹಿತವಾಗಿದೆ, ಅದು ಬೇರೆ ವಿಷಯ.

"ಎಷ್ಟು ದಿನದಿಂದ?" ಅಂತ ಡಾಕ್ಟರು ಕೇಳಿದಾಗ ಒಂದು ತಿಂಗಳು ಅಂದೆ. ಸುಳ್ಳು. ಜೂನಿನಲ್ಲೇ ಕುಕ್ಕರ್ ಎತ್ತಲು ಆಗುತ್ತಿರಲಿಲ್ಲ. ಸ್ಕೂಟರಿನ ಕೀ ಎಡಗೈಯಲ್ಲಿ ತಿರುಗಿಸುತ್ತಿದ್ದೆ. ಚಪಾತಿ ಹಿಟ್ಟು ಕಲಸುವುದನ್ನು ಮಗನಿಗೆ "ನೀನೂ ಕಲಿ" ಅಂತ ದಾಟಿಸಿದ್ದೆ. ಯಾರಿಗೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಡಿಪ್ಲೊಮಾ ಪರೀಕ್ಷೆ, 44ನೇ ವಯಸ್ಸಿನಲ್ಲಿ ಹಟ ಹಿಡಿದು ಕಟ್ಟಿದ್ದು. ಜರ್ಮನಿಯ ಸಂಗೀತಗಾರ ಬ್ರಾಮ್ಸ್‌ನ ಜಿ ಮೈನರ್ ರಾಪ್ಸಡಿ ಅನ್ನುವ ಕೃತಿ ಇತ್ತು. ದಪ್ಪ ದಪ್ಪ ಕಾರ್ಡುಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು. ಆಕ್ಟೇವ್‌ಗಳು, ಅಂದರೆ ಒಂದು ಸ್ವರವನ್ನೂ ಮೇಲಿನ ಸ್ಥಾಯಿಯ ಅದೇ ಸ್ವರವನ್ನೂ ಒಂದೇ ಕೈಯಲ್ಲಿ ಹಿಡಿಯುವುದು. ಪಿಯಾನೋದಲ್ಲಿ ಒಂದು ಆಕ್ಟೇವ್ ಅಂದರೆ ಸುಮಾರು ಹದಿನಾರೂವರೆ ಸೆಂಟಿಮೀಟರ್ ಅಗಲ. ನನ್ನ ಕೈಯನ್ನು ಪೂರ್ತಿ ಬಿಡಿಸಿ ಮಗನ ಸ್ಕೇಲಿನಲ್ಲಿ ಅಳೆದರೆ ಹದಿನೆಂಟು. ಅಂದರೆ ಪ್ರತಿ ಆಕ್ಟೇವಿಗೂ ನನ್ನ ಕೈ ಹೆಚ್ಚುಕಮ್ಮಿ ಹರಿಯುವಷ್ಟು ಬಿಡಿಸಿಕೊಳ್ಳಬೇಕು. ದೊಡ್ಡ ಕೈಯ ಗಂಡಸರನ್ನು ನೆನಸಿಕೊಂಡು ಮಾಡಿದ ಅಳತೆ ಅದು ಅಂತ ನನಗೆ ಯಾವಾಗಲೂ ಸಣ್ಣ ಸಿಟ್ಟಿದೆ.

ನೋವು ಜಾಸ್ತಿಯಾದ ಹಾಗೆ ಪ್ರಾಕ್ಟೀಸನ್ನೂ ಜಾಸ್ತಿ ಮಾಡಿದೆ. ಬುದ್ಧಿಯಿರುವವರು ಮಾಡುವ ಕೆಲಸವೇ? ಆದರೆ ನೋವಾದರೆ ಕೈ ಕಲೀತಾ ಇದೆ ಅಂತ ಅಲ್ವಾ.

ಈ ಮಾತು ನನ್ನದಲ್ಲ. ನನ್ನ ಟೀಚರದ್ದು. ನಾನು ಒಂಬತ್ತು ವರ್ಷದವಳಿದ್ದಾಗ ಅವರ ಮನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಹಳೇ ಬಂಗಲೆ, ಒಳಗೆ ಕರ್ಪೂರದ ಗುಳಿಗೆಯ ವಾಸನೆ, ಹಲ್ಲು ಹಳದಿಯಾದ ಮುದುಕನ ಹಾಗೆ ಕೂತಿದ್ದ ಪಿಯಾನೋ. ಮೊದಲ ಅರ್ಧ ಗಂಟೆ ಬರೀ ಹ್ಯಾನನ್. 1873ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ 60 ಅಭ್ಯಾಸಗಳು, ಪ್ರಪಂಚದ ಎಲ್ಲಾ ಪಿಯಾನೋ ಮಕ್ಕಳ ಶಾಪವನ್ನೂ ಇವತ್ತಿನವರೆಗೆ ತಿನ್ನುತ್ತಿವೆ. ಟೀಚರು ನನ್ನ ಅಂಗೈ ಹಿಂಭಾಗದಲ್ಲಿ ಒಂದು ನಾಲ್ಕಾಣೆ ಇಡುತ್ತಿದ್ದರು. ಬೆರಳು ಎತ್ತಿ ಎತ್ತಿ ಹೊಡೆಯಬೇಕು, ನಾಲ್ಕಾಣೆ ಬೀಳಬಾರದು. ಬಿದ್ದರೆ ಮೊದಲಿಂದ. ಟಣ್ ಅಂತ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದು, ಪಿಯಾನೋದ ಪೆಡಲಿನ ಕೆಳಗೆ ಉರುಳಿ ಹೋಗುತ್ತಿತ್ತು. ನಾನೇ ಬಗ್ಗಿ ಹೆಕ್ಕಿಕೊಡಬೇಕು. ಅವರ ಅಂಗೈ ಮುಂದೆ ಬಂದು ಸುಮ್ನೆ ನಿಂತಿರುತ್ತಿತ್ತು, ನಾಣ್ಯಕ್ಕೆ.

ಬೀಳಿಸಬಾರದು ಅಂದರೆ ಮಣಿಕಟ್ಟನ್ನು ಹಲಗೆಯ ಹಾಗೆ ಸೆಟೆದುಕೊಳ್ಳಬೇಕು. ಸೆಟೆದುಕೊಂಡರೆ ನೋಯುತ್ತದೆ. ನೋಯುತ್ತೆ ಟೀಚರ್ ಅಂದರೆ, ಒಳ್ಳೇದು, ಕೈ ಕಲೀತಾ ಇದೆ.

ಅವರು ಕ್ರೂರಿಯಲ್ಲ. ಪಾಠ ಮುಗಿದ ಮೇಲೆ ಕೇಕ್ ಕೊಡುತ್ತಿದ್ದರು, ಅಪ್ಪ ಫೀಸು ತಡ ಮಾಡಿದರೆ ಕೇಳುತ್ತಿರಲಿಲ್ಲ. ಅವರ ಟೀಚರೂ ನಾಣ್ಯ ಇಟ್ಟಿದ್ದರಂತೆ, ಅದೂ ಬ್ರಿಟಿಷರ ಕಾಲದ್ದು. ಈ ಹಠ ಹೀಗೆ ಕೈಯಿಂದ ಕೈಗೆ ಬಂದದ್ದು. 2011ರಲ್ಲಿ ಸರ್ಕಾರ ನಾಲ್ಕಾಣೆಯನ್ನು ಚಲಾವಣೆಯಿಂದ ತೆಗೆಯಿತು. ನಾನು ಒಂದು ರೂಪಾಯಿ ಇಡಲು ಶುರು ಮಾಡಿದ್ದೆ. ಹೌದು, ಪುಟ್ಟಿಯ ಕೈ ಮೇಲೆ. ಇದನ್ನು ಬರೆಯದೆ ಬಿಡಬಹುದಿತ್ತು.

ಫಿಸಿಯೋಥೆರಪಿಯ ಹುಡುಗಿ ಬುಧವಾರ ಒಂದು ತೋರಿಸಿದಳು. ಎಡಗೈಯಲ್ಲಿ ಬಲ ಮುಂಗೈಯನ್ನು ಮೊಣಕೈ ಹತ್ತಿರ ಹಿಡಿದುಕೊಂಡು ಬರೀ ಬೆರಳು ಆಡಿಸಿ ಅಂದಳು. ಆಡಿಸಿದೆ. ಅಲ್ಲಿ ಮೇಲೆ, ಚರ್ಮದ ಕೆಳಗೆ, ಇಲಿ ಓಡಾಡಿದ ಹಾಗಾಯಿತು. ಬೆರಳಿನೊಳಗೆ ಮಾಂಸಖಂಡವೇ ಇಲ್ಲವಂತೆ. ಕೆಲವು ಅಂಗೈಯಲ್ಲಿವೆ, ದೊಡ್ಡವೆಲ್ಲಾ ಮುಂಗೈಯಲ್ಲಿ. ಬೆರಳಿಗೆ ಬಲ ಬರಲಿ, ಬೆರಳಿಗೆ ಬಲ ಬರಲಿ ಅಂತ ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದು ಇಲ್ಲದ ಜಾಗಕ್ಕೆ. ಬಲವಾದರೂ ಎಷ್ಟು ಬೇಕು? ಪಿಯಾನೋದ ಒಂದು ಕೀ ಕೆಳಗಿಳಿಯಲು ಐವತ್ತು ಗ್ರಾಂ ಭಾರ ಸಾಕು. ಒಂದು ನಿಂಬೆಹಣ್ಣಿನ ತೂಕ. ಅದಕ್ಕೆ ನಾವು ಗಾರೆ ಕೆಲಸದವರ ಹಾಗೆ ಕುಟ್ಟುತ್ತೇವೆ.

ಪಟ್ಟಿ ಕಟ್ಟಿದ ಮೇಲೆ ಟೈಮ್ ಜಾಸ್ತಿ ಸಿಕ್ಕಿದೆ, ಕೈ ಕೆಟ್ಟವರ ಕತೆಗಳನ್ನು ಓದುತ್ತಿದ್ದೇನೆ. ಜರ್ಮನಿಯ ಸಂಗೀತಗಾರ ಶೂಮಾನ್‌ನದು ಮೊದಲೇ ಗೊತ್ತಿತ್ತು. ಇಪ್ಪತ್ತು ದಾಟಿದ ಹುಡುಗ, ದೊಡ್ಡ ಪಿಯಾನೋ ವಾದಕನಾಗಬೇಕು ಅಂತ ಬೆರಳು ಪಳಗಿಸಲು ಎಂಥದೋ ಯಂತ್ರ ಕಟ್ಟಿಕೊಂಡ. ಬಲಗೈಯ ಬೆರಳು ಕೆಟ್ಟಿತು. ಯಂತ್ರದಿಂದಲೋ ಬೇರೆ ಕಾಯಿಲೆಯಿಂದಲೋ ಅಂತ ಇವತ್ತಿಗೂ ವಾದ ನಡೆಯುತ್ತದೆ. ನುಡಿಸುವ ಆಸೆ ಬಿಟ್ಟು ಬರೆಯಲು ಕೂತ. ನನಗೆ ಇಷ್ಟವಾದದ್ದು ಅವನ ಹೆಂಡತಿ ಕ್ಲಾರಾಳ ಕತೆ. ಅವಳು ಯೂರೋಪಿಗೇ ದೊಡ್ಡ ಪಿಯಾನೋ ವಾದಕಿ. 1877ರಲ್ಲಿ ಬ್ರಾಮ್ಸ್ ಅವಳಿಗೆ ಬಾಖ್‌ನ ಒಂದು ಪಿಟೀಲು ಕೃತಿಯನ್ನು ಎಡಗೈ ಒಂದರಲ್ಲೇ ನುಡಿಸುವ ಹಾಗೆ ಬರೆದು ಕಳಿಸಿದ. ಸರಿಯಾಗಿ ಅದೇ ಹೊತ್ತಿಗೆ ಅವಳ ಬಲಗೈಯ ಹುರಿ ಎಳೆದಿತ್ತು. ರಾತ್ರಿ ಹಗಲು ಅಭ್ಯಾಸ ಮಾಡಿ ಅಲ್ಲ. ಬೀರುವಿನ ಡ್ರಾಯರ್ ಎಳೆಯಲು ಹೋಗಿ. ಓದಿದಾಗ ನಕ್ಕುಬಿಟ್ಟೆ. ಎಂಟು ಮಕ್ಕಳನ್ನು ಹೆತ್ತವಳು, ಡ್ರಾಯರ್ ಅವಳೇ ಎಳೆಯಬೇಕು, ಇನ್ಯಾರು ಎಳೀತಾರೆ?

ನೋವೆಲ್ಲಾ ಕೆಟ್ಟದ್ದು ಅಂತಲೂ ಹೇಳಲಾರೆ. ನನ್ನ ಸೋದರತ್ತೆ ವೀಣೆ ನುಡಿಸುತ್ತಿದ್ದರು. ಎಡಗೈಯ ಎರಡು ಬೆರಳ ತುದಿಯಲ್ಲಿ ತಂತಿ ಕೊರೆದ ಕಪ್ಪು ಗೆರೆ, ಜಡ್ಡು ಕಟ್ಟಿ ಕಾಯಿಯಂತಾಗಿತ್ತು. ಹೊಸದರಲ್ಲಿ ಹುಳಿ ತಾಗಿದರೆ ಉರಿಯುತ್ತಿತ್ತಂತೆ. ಆ ನೋವು ನಿಜಕ್ಕೂ ಕಲಿಕೆಯೇ. ಚರ್ಮ ಗಟ್ಟಿಯಾಗುತ್ತದೆ, ಮುಗಿಯಿತು. ಹುರಿ ಹಾಗಲ್ಲ, ನೋಯುವಷ್ಟು ಎಳೆದರೆ ಊದಿಕೊಳ್ಳುತ್ತದೆ. ಎರಡಕ್ಕೂ ನಮ್ಮಲ್ಲಿ ಇರುವುದು ನೋವು ಅನ್ನುವ ಒಂದೇ ಪದ. ಸಾಲದ್ದಕ್ಕೆ ಉಳಿಪೆಟ್ಟು ಬೀಳದೆ ಕಲ್ಲು ವಿಗ್ರಹ ಆಗಲ್ಲ ಅನ್ನುವ ಗಾದೆ ಬೇರೆ. ಭರತನಾಟ್ಯದ ಮೊಣಕಾಲಿಗೂ ಅದೇ, ಕ್ರಿಕೆಟ್ಟಿನ ಭುಜಕ್ಕೂ ಅದೇ, ಸಿಇಟಿ ಮಕ್ಕಳ ಬೆನ್ನಿಗೂ ಅದೇ. ಕಲ್ಲಿಗೆ ನರ ಇಲ್ಲ ಅನ್ನುವುದು ಗಾದೆ ಮಾಡಿದವರಿಗೆ ಹೊಳೆಯಲಿಲ್ಲವೋ ಏನೋ. ಅದಕ್ಕಿಂತ ನನಗೆ ಕಸಿವಿಸಿಯಾಗುವುದು ಪುಟ್ಟಿಯ ಜಂಬ. ಹೆದರಿ ಸಹಿಸಿದ್ದರೆ ಒಂದು ದಿನ ಅತ್ತು ಹೇಳಿರುತ್ತಿದ್ದಳು. ಖುಷಿಯಿಂದ ಸಹಿಸುತ್ತಿದ್ದಳು. ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಬುಧವಾರ ರಾತ್ರಿ ಅವಳ ಅಮ್ಮನಿಗೆ ಫೋನ್ ಮಾಡಿದೆ. ಅವರು ಕೆಟ್ಟವರೇನಲ್ಲ. ಪಕ್ಕದ ಮನೆ ಹುಡುಗ ಪಿಯಾನೋ ಪರೀಕ್ಷೆಯಲ್ಲಿ ಗ್ರೇಡ್ ತ್ರೀ ಮುಗಿಸಿದ ದಿನದಿಂದ ಸ್ವಲ್ಪ ನಿದ್ದೆ ಕಳೆದುಕೊಂಡಿದ್ದಾರೆ, ಅಷ್ಟೆ. ಮಗುವಿನ ಮಣಿಕಟ್ಟು ನೋಯುತ್ತಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ, ಬಲಗೈಗೆ ಸ್ವಲ್ಪ ದಿನ ಬಿಡುವು ಕೊಡೋಣ, ಈ ಸಲದ ಪರೀಕ್ಷೆ ಬೇಡ ಅಂದೆ.

"ಅಯ್ಯೋ ಮಿಸ್, ಫೀಸ್ ಕಟ್ಟಿ ಆಗಿದೆಯಲ್ಲ."

"ಗೊತ್ತು. ನಂದೂ ಕಟ್ಟಿ ಆಗಿದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ನೋಯುತ್ತೆ ಅಂತ ನನ್ ಹತ್ರಾನೂ ಹೇಳಿದ್ಲು ಮಿಸ್. ನಾನೇ, ನೋವಾಗದೆ ಏನ್ ಬರುತ್ತೆ ಅಂದೆ" ಅಂದರು. ನಾನು ಅವರನ್ನು ಬೈಯಲು ಮನಸ್ಸಿನಲ್ಲೇ ಎರಡು ಮಾತು ಜೋಡಿಸಿಟ್ಟುಕೊಂಡಿದ್ದೆ. ಬಾಯಿಗೆ ಬರಲಿಲ್ಲ.

ನಿನ್ನೆ ಪುಟ್ಟಿ ಬಂದಳು. ಡಾಕ್ಟರು ಎರಡು ವಾರ ಬಲಗೈ ಬೇಡ ಅಂದರಂತೆ. ಪಟ್ಟಿ ಕೊಡಲಿಲ್ಲ ಅಂತ ಅವಳಿಗೆ ಬೇಜಾರು, ನನ್ನದನ್ನು ಕೇಳಿ ಹಾಕಿಕೊಂಡು ನೋಡಿದಳು. ಮೊಣಕೈವರೆಗೂ ಬಂತು. ಸ್ಟೂಲು ಬಿಟ್ಟು ಬೆಂಚು ತಂದೆವು, ಅಕ್ಕಪಕ್ಕ ಕೂತೆವು. ಇಬ್ಬರೂ ಎಡಗೈ ಮಾತ್ರ. ನಾನು ಕೆಳಗಿನ ಸ್ವರಗಳಲ್ಲಿ ಎರಡು ಕಾರ್ಡು ಹಿಡಿದೆ, ಅವಳು ಮೇಲೆ ತೋಚಿದ್ದು ನುಡಿಸಿದಳು. ಬಲಗೈ ತೊಡೆಯ ಮೇಲೆ ಸುಮ್ನೆ ಮಲಗಿತ್ತು, ಅವಳದೂ ನನ್ನದೂ. ಐದು ನಿಮಿಷ, ಹತ್ತು ನಿಮಿಷ. ತೋಳು ಸಡಿಲ ಬಿಡು, ಬಟ್ಟೆ ಒಣಹಾಕಿದ ಹಾಗೆ ಭುಜದಿಂದ ನೇತಾಡಲಿ ಅಂದೆ. ನೇತಾಡಿಸಿದಳು, ಸ್ವಲ್ಪ ಜಾಸ್ತಿಯೇ.

"ಎಡಗೈ ಹೇಗಿದೆ ಪುಟ್ಟಿ?"

ನಿಲ್ಲಿಸಿ, ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಮುಖ ಸಣ್ಣಗಾಯಿತು.

"ಏನೂ ಆಗ್ತಾನೇ ಇಲ್ಲ ಮಿಸ್" ಅಂದಳು. ಮತ್ತೆ ನುಡಿಸತೊಡಗಿದಳು.