ಹಿಂದೆ ಬರುವ ವಿಮಾನಕ್ಕೆ ಗಾಳಿಯ ಸುದ್ದಿ

ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ಬಂದವರಿಗೆ ಕುಲುಕಾಟ ಹೊಸದೇನಲ್ಲ. ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿ, ಇಳಿಹೊತ್ತಿಗೆ ಘಟ್ಟದ ನೆತ್ತಿಯಲ್ಲಿ ಕಟ್ಟುವ ಗುಡುಗಿನ ಮೋಡ, ಮುಂಗಾರು ಹಿಡಿದ ಮೇಲೆ ಪಡುವಣದಿಂದ ಬೆಟ್ಟಸಾಲು ಹತ್ತಿ ನಮ್ಮ ಕಡೆಗೆ ಉರುಳುವ ಗಾಳಿ, ಇವು ಒಂದೊಂದೂ ಒಂದೊಂದು ಬಗೆಯಲ್ಲಿ ವಿಮಾನವನ್ನು ಅಲುಗಿಸುತ್ತವೆ. ನಾನು ಈಗ ತೀರ್ಥಹಳ್ಳಿಯ ಬಳಿ ತೋಟ ನೋಡಿಕೊಂಡಿದ್ದರೂ ಬಹಳ ವರ್ಷ ವಿಮಾನಸಂಸ್ಥೆಯೊಂದರಲ್ಲಿ ಡಿಸ್ಪ್ಯಾಚರ್ ಆಗಿದ್ದವನು. ಹೊರಡುವ ವಿಮಾನದ ದಾರಿ, ಎತ್ತರ ಮತ್ತು ಇಂಧನವನ್ನು ಹವಾಮಾನಕ್ಕೆ ತಾಳೆ ಹಾಕಿ ಫ್ಲೈಟ್ ಪ್ಲ್ಯಾನ್ ಸಿದ್ಧಪಡಿಸುವುದು ನನ್ನ ಕೆಲಸವಾಗಿತ್ತು. ಆ ಕೆಲಸದಲ್ಲಿ ಕಂಡ ಒಂದು ಸಂಗತಿ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಒಂದು ಸಂಜೆ, ಬೇರೊಂದು ಸಂಸ್ಥೆಯ ಪೈಲಟ್ ತಾನು ತೀವ್ರ ಟರ್ಬುಲೆನ್ಸಿಗೆ, ಅಂದರೆ ಗಾಳಿಯ ಕುಲುಕಾಟಕ್ಕೆ, ಸಿಕ್ಕಿದ್ದನ್ನು ರೇಡಿಯೋದಲ್ಲಿ ವಿಮಾನ ಸಂಚಾರ ನಿಯಂತ್ರಣ ಕೇಂದ್ರಕ್ಕೆ (ಏಟಿಸಿ) ತಿಳಿಸಿದರು. ನಿಯಂತ್ರಕರು ಅದನ್ನು ಹಿಂದೆ ಬರುತ್ತಿದ್ದ ಎರಡು ವಿಮಾನಗಳಿಗೆ ಕೂಡಲೇ ಹೇಳಿದರು, ಅವೆರಡೂ ಎತ್ತರ ಬದಲಿಸಿ ಪಾರಾದವು. ಆದರೆ ನಾನು ಪ್ಲ್ಯಾನ್ ಮಾಡಿದ್ದ ವಿಮಾನ ಆ ಹೊತ್ತಿಗೆ ಇನ್ನೂ ನೆಲದ ಮೇಲಿತ್ತು, ಆ ಫ್ರೀಕ್ವೆನ್ಸಿಯಲ್ಲಿ ಇರಲಿಲ್ಲ. ನಮ್ಮ ಡೆಸ್ಕಿಗೂ ಯಾರೂ ತಿಳಿಸಲಿಲ್ಲ. 40 ನಿಮಿಷದ ನಂತರ ಅದೇ ಎತ್ತರದಲ್ಲಿ, ಅದೇ ಜಾಗದಲ್ಲಿ, ಟ್ರಾಲಿ ತಳ್ಳುತ್ತಿದ್ದ ಹುಡುಗಿಯೊಬ್ಬಳು ಮೇಲಕ್ಕೆಸೆಯಲ್ಪಟ್ಟು ಬಿದ್ದು ಪಾದದ ಕೀಲು ಮುರಿದುಕೊಂಡಳು. ಪೈಲಟ್ ಹೇಳಬೇಕಾದವರಿಗೆ ಹೇಳಿದ್ದರು, ನಿಯಂತ್ರಕರು ತಮ್ಮ ಕಣ್ಣಳತೆಯಲ್ಲಿದ್ದವರನ್ನು ಕಾಪಾಡಿದ್ದರು. ಸುದ್ದಿ ಮಾತ್ರ ಒಂದು ಕೋಣೆ ದಾಟಿ ಇನ್ನೊಂದು ಕೋಣೆಗೆ ಬಂದಿರಲಿಲ್ಲ.

ವಿಮಾನದ ಮೂತಿಯಲ್ಲಿರುವ ಹವಾಮಾನ ರೇಡಾರ್ ಕಾಣುವುದು ನೀರಿನ ಹನಿಗಳನ್ನು. ಮೋಡವೇ ಇಲ್ಲದ ಶುಭ್ರ ಆಕಾಶದ ಕುಲುಕಾಟ ಅದಕ್ಕೆ ಕಾಣುವುದಿಲ್ಲ. ಅಂಥ ಗಾಳಿಯ ಖಚಿತ ಸುದ್ದಿ ಇರುವುದು ಈಗಷ್ಟೇ ಅದರೊಳಗೆ ಹಾದು ಹೋದವರ ಬಳಿ. ಹವಾಮಾನ ಇಲಾಖೆ ಹೊರಡಿಸುವ ಸಿಗ್ಮೆಟ್ ಎಂಬ ಎಚ್ಚರಿಕೆ ಅಗತ್ಯವೇ ಹೌದು, ಆದರೆ ಅದು ಸಾಮಾನ್ಯವಾಗಿ 4 ಗಂಟೆಯವರೆಗಿನ ಅವಧಿಗೆ ವಿಶಾಲವಾದ ಪ್ರದೇಶವನ್ನೇ ಸುತ್ತುವರಿದು ಗೆರೆ ಎಳೆಯುತ್ತದೆ. 2024ರ ಮೇ 21ರಂದು ಲಂಡನ್ನಿನಿಂದ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರಿನ ಇರವಾಡಿ ಕಣಿವೆಯ ಮೇಲೆ 4.6 ಸೆಕೆಂಡಿನಲ್ಲಿ 178 ಅಡಿ ಕುಸಿಯಿತು, ಒಬ್ಬ ಪ್ರಯಾಣಿಕರು ತೀರಿಕೊಂಡರು, ಹಲವರು ಗಾಯಗೊಂಡರು. ಅಷ್ಟು ಹೊತ್ತಿನಲ್ಲಿ ಬೆಲ್ಟಿನ ಕೊಂಡಿ ಹುಡುಕುವುದಕ್ಕೂ ಆಗುವುದಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ 2021ರ ಅಧ್ಯಯನದ ಪ್ರಕಾರ, 2009ರಿಂದ 2018ರವರೆಗೆ ಅಲ್ಲಿನ ವಿಮಾನಸಂಸ್ಥೆಗಳ ಅಪಘಾತಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಟರ್ಬುಲೆನ್ಸಿಗೆ ಸಂಬಂಧಿಸಿದ್ದವು. ಹೆಚ್ಚು ಪೆಟ್ಟು ತಿನ್ನುವವರು ಕ್ಯಾಬಿನ್ ಸಿಬ್ಬಂದಿಯೇ.

ಸುದ್ದಿ ಹೇಗಿರಬೇಕು ಎಂಬುದಕ್ಕೆ ನನಗೆ ಆಗುಂಬೆ ಘಾಟಿಯ ಮಿನಿಬಸ್ ಚಾಲಕರಷ್ಟು ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಎದುರು ಬರುವವನಿಗೆ ಅವರು ‘ದಾರಿ ಸರಿಯಿಲ್ಲ’ ಎನ್ನುವುದಿಲ್ಲ. ‘ಏಳನೇ ತಿರುವಲ್ಲಿ ಮರ ಬಿದ್ದಿದೆ ಮಾರಾಯ, ಬೈಕ್ ಮಾತ್ರ ಹೋಗುತ್ತೆ’ ಎನ್ನುತ್ತಾರೆ. ಪೈಲಟ್ ಕೊಡುವ ವರದಿಯಲ್ಲೂ, ಅಂದರೆ ನಾವು ಪೈರೆಪ್ ಎನ್ನುವುದರಲ್ಲೂ, ಜಾಗ, ಸಮಯ, ಎತ್ತರ, ತೀವ್ರತೆ ಮತ್ತು ವಿಮಾನದ ಮಾದರಿ ಇರಲೇಬೇಕು. ಎಟಿಆರ್‌ನಲ್ಲಿ ಮಧ್ಯಮ ಎನಿಸಿದ್ದು ಬೋಯಿಂಗ್ 777ರಲ್ಲಿ ಬರೀ ಸಣ್ಣ ನಡುಕವಾಗಿರಬಹುದು, ಹಾಗಾಗಿ ಮಾದರಿ ಹೇಳದ ವರದಿ ಅರ್ಧ ವರದಿ. ಈ ತೊಡಕನ್ನು ಕಳೆಯುವುದಕ್ಕೇ ಇಡಿಆರ್ ಎಂಬ ಅಳತೆ ಬಂದಿದೆ: ವಿಮಾನದ ಉಪಕರಣಗಳೇ ಗಾಳಿಯ ಕ್ಷೋಭೆಯನ್ನು ಲೆಕ್ಕ ಹಾಕಿ ಕೆಳಗೆ ಕಳಿಸುತ್ತವೆ, ಅಂತರರಾಷ್ಟ್ರೀಯ ನಿಯಮದಂತೆ 0.20 ಮುಟ್ಟಿದರೆ ಮಧ್ಯಮ, 0.45 ಮುಟ್ಟಿದರೆ ತೀವ್ರ. ವಿಮಾನಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಯಾಟಾದ ಟರ್ಬುಲೆನ್ಸ್ ಅವೇರ್ ವ್ಯವಸ್ಥೆಯಲ್ಲಿ ಸದಸ್ಯ ಸಂಸ್ಥೆಗಳು ಈ ಅಂಕಿಗಳನ್ನು ಯಾರದೆಂದು ಹೆಸರಿಸದೆ ಹಂಚಿಕೊಳ್ಳುತ್ತವೆ. ಪೈಪೋಟಿಯಲ್ಲಿರುವ ಸಂಸ್ಥೆಗಳು ಗಾಳಿಯ ಸುದ್ದಿಯನ್ನು ಬಚ್ಚಿಡದೆ ಕೊಡುವುದು ನಮ್ಮ ಕಾಲದಲ್ಲಿ ಊಹಿಸಲೂ ಆಗದ ಮಾತಾಗಿತ್ತು. ಇದೇ ಅಂಕಿ ನಿಯಂತ್ರಕರ ಪರದೆಗೂ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಏನೂ ಇಲ್ಲ ಎಂಬುದೂ ಸುದ್ದಿಯೇ ಎನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಆ ಹುಡುಗಿಗೆ ಪೆಟ್ಟಾದ ಮೇಲೆ ನಮ್ಮ ಪಾಳಿಯವರು ಇಳಿದ ಪ್ರತಿ ಕ್ಯಾಪ್ಟನ್‌ಗೂ ಫೋನ್ ಮಾಡಿ ಕೇಳಿ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೆವು. ‘ಎಟಿಆರ್, 14 ಸಾವಿರ ಅಡಿ, 16:10, ಮಧ್ಯಮ’ ಎಂಬ ಸಾಲಿನ ಕೆಳಗೆ ‘ಎಟಿಆರ್, 12 ಸಾವಿರ ಅಡಿ, 16:25, ನಿರಾಳ’ ಎಂದಿದ್ದರೆ, ಮುಂದಿನ ವಿಮಾನವನ್ನು ಯಾವ ಎತ್ತರದಲ್ಲಿ ಕಳಿಸಬೇಕೆಂದು ತಿಳಿಸುತ್ತಿದ್ದುದು ಎರಡನೆಯ ಸಾಲು.

ಕಳೆದ ವಾರ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಮುಂಚೆ ವಿಮಾನ ಚೆನ್ನಾಗಿಯೇ ಕುಲುಕಿತು. ಬಾಗಿಲ ಬಳಿ ನಿಂತಿದ್ದ ಕ್ಯಾಪ್ಟನ್‌ಗೆ ನನ್ನ ಹಳೆಯ ವೃತ್ತಿ ಹೇಳಿ, ವರದಿ ಕೊಟ್ಟಿರಾ ಎಂದು ಕೇಳಿದೆ. ‘ಒಂಬತ್ತು ಸಾವಿರದಿಂದ ಆರು ಸಾವಿರದವರೆಗೆ ಮಧ್ಯಮ ಇತ್ತು ಸರ್, ಟವರ್‌ಗೆ ಹೇಳಿದ್ದೇನೆ, ಡಿಸ್ಪ್ಯಾಚ್‌ಗೂ ಕಳಿಸಿದ್ದೇನೆ’ ಎಂದರು. ಹೈದರಾಬಾದಿನ ವಿಮಾನ ಬರುವುದಕ್ಕೆ ಇನ್ನೂ 40 ನಿಮಿಷವಿತ್ತು.