ನೋಡಿದವರು, ನೋಡಬೇಕಾದವರು
ಲೈವ್ ಆಗಿ ನೋಡಿದ, ಇನ್ನೂ ನೋಡಬೇಕಾದ ರಾಕ್ ಬ್ಯಾಂಡ್‌ಗಳ ಪಟ್ಟಿ ಒಂದು ನನ್ನ ಹತ್ತಿರ ಇದೆ. ಲೈವ್ ಕಾನ್ಸರ್ಟ್ ಅಂದರೆ ನನಗೆ ಮೊದಲು ನೆನಪಾಗುವುದು ಹಾಡಲ್ಲ, ಬಾಸ್ ಡ್ರಮ್ಮಿನ ಏಟು. ಅದು ಕಿವಿಗಿಂತ ಜಾಸ್ತಿ ಎದೆಗೆ ಬಡಿಯುತ್ತದೆ. ಮೆಟಾಲಿಕಾ ಶೋನಲ್ಲಿ ನಾನು ನಿಂತಿದ್ದು ತುಂಬಾ ಹಿಂದೆ. ಅವರ ಡ್ರಮ್ಮರ್ ಲಾರ್ಸ್ ಉಲ್ರಿಕ್ ಕಂಡಿದ್ದು ದೊಡ್ಡ ಪರದೆಯಲ್ಲಿ ಮಾತ್ರ. ಆದರೂ ಇಡೀ ಮೈದಾನ ಒಟ್ಟಿಗೆ ಹಾಡುವಾಗ ಅದೆಲ್ಲ ಯಾರಿಗೆ ಬೇಕಿತ್ತು! ಐರನ್ ಮೇಡನ್ ಶೋನಲ್ಲಿ ಆ ಬ್ಯಾಂಡಿನ ಗುರುತಾದ ದೈತ್ಯ ಬೊಂಬೆ ಎಡ್ಡಿ ವೇದಿಕೆಗೆ ಬಂದಾಗ, ಪಕ್ಕದಲ್ಲಿದ್ದ ನರೆಗಡ್ಡದವರೊಬ್ಬರು ಚಿಕ್ಕ ಮಕ್ಕಳ ಹಾಗೆ ಕುಣಿದರು. (ಇಯರ್‌ಪ್ಲಗ್ ಹಾಕಿಕೊಂಡೇ ಹೋಗಿ. ಮರುದಿನ ಕಿವಿ ಗುಂಯ್ ಅನ್ನುವುದು ಹೆಮ್ಮೆಯ ವಿಷಯ ಅಲ್ಲ.)

ಬಾಕಿ ಇರುವವರ ವಿಷಯವೇ ಬೇಜಾರು. ಬ್ಲ್ಯಾಕ್ ಸಬತ್ 2025ರ ಜುಲೈ 5ರಂದು ತಮ್ಮೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಶೋ ಕೊಟ್ಟಿತು. ಗಾಯಕ ಆಝಿ ಆಸ್ಬರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದರು. ಜುಲೈ 22ಕ್ಕೆ ತೀರಿಕೊಂಡರು. ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಲು ನನಗಿನ್ನೂ ಮನಸ್ಸು ಬಂದಿಲ್ಲ. ಲೆಡ್ ಝೆಪೆಲಿನ್ ಆಸೆ ಬಿಟ್ಟಾಗಿದೆ. 1980ರಲ್ಲಿ ಡ್ರಮ್ಮರ್ ಜಾನ್ ಬಾನ್‌ಹ್ಯಾಮ್ ತೀರಿಕೊಂಡ ಮೇಲೆ ಬ್ಯಾಂಡನ್ನೇ ಮುಗಿಸಿದರು. 2007ರಲ್ಲಿ ಲಂಡನ್‌ನಲ್ಲಿ ಒಂದು ರಾತ್ರಿ ಮಾತ್ರ ಪೂರ್ಣ ಪ್ರಮಾಣದ ಶೋ ಕೊಟ್ಟರು, ಡ್ರಮ್ಸ್‌ನಲ್ಲಿ ಬಾನ್‌ಹ್ಯಾಮ್ ಮಗ ಜೇಸನ್. ಅವತ್ತು ಅಲ್ಲಿದ್ದವರ ಮೇಲೆ ನನಗೆ ಸುಮ್ನೆ ಹೊಟ್ಟೆಕಿಚ್ಚು.

ಹಾಗಾಗಿ ಈಗ ಎಸಿ/ಡಿಸಿ ಮೊದಲು. ಅವರ ಗಿಟಾರಿಸ್ಟ್ ಆಂಗಸ್ ಯಂಗ್ ಹುಟ್ಟಿದ್ದು 1955ರಲ್ಲಿ. ಎಪ್ಪತ್ತರ ಹತ್ತಿರ ಬಂದರೂ ಶಾಲೆಯ ಯೂನಿಫಾರ್ಮಿನಲ್ಲೇ ಗಿಟಾರ್ ಹಿಡಿದು ಬಂದ ಮನುಷ್ಯ! ಟೂಲ್, ರೇಡಿಯೋಹೆಡ್ ಆಮೇಲೆ ನೋಡೋಣ, ಅವರಿಗಿನ್ನೂ ಅಷ್ಟು ವಯಸ್ಸಾಗಿಲ್ಲ ಅಲ್ವಾ? ನಿಮ್ಮ ಪಟ್ಟಿಯಲ್ಲಿ ಯಾರಿದ್ದಾರೆ, ಹೇಳಿ.